ಒದ್ದೆ ಚಾಪೆ

ನಮ್ಮ ಮನೆಯಲ್ಲಿ ನೆಂಟರು ಸೇರಿದ ದಿನ ಚಾಪೆ ಹಂಚುವುದು ಅಮ್ಮನ ಅಧಿಕಾರ. ಯಾರು ಎಲ್ಲಿ ಮಲಗಬೇಕು, ಯಾವ ಮಗು ಯಾರ ಮಗ್ಗುಲಿಗೆ ಎನ್ನುವುದನ್ನು ಸಂಜೆ ದೀಪ ಹಚ್ಚುವ ಹೊತ್ತಿಗೇ ಅವಳು ತೀರ್ಮಾನಿಸಿಬಿಡುತ್ತಾಳೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಕುಳಲ್ಲಿ ಎರಡು ಚಾಪೆ ಇಟ್ಟುಕೊಂಡು ನಿಂತಳೆಂದರೆ ತಹಸೀಲ್ದಾರರೂ ಎದುರು ಮಾತಾಡುವ ಹಾಗಿಲ್ಲ. ಗೊರಕೆ ಹೊಡೆಯುವವರು ಹಜಾರಕ್ಕೆ, ಬಾಣಂತಿ ಒಳಕೋಣೆಗೆ, ಬೀಡಿ ಸೇದುವವರು ಜಗಲಿಗೆ. ನಮ್ಮಮ್ಮ ದೇವೀರಮ್ಮ ಒಮ್ಮೆ ಹಾಸಿದ ಚಾಪೆಯನ್ನು ಆಮೇಲೆ ಬದಲಾಯಿಸಿದ್ದನ್ನು ನಾನಂತೂ ನೋಡಿರಲಿಲ್ಲ.

ನನ್ನ ಹೆಸರು ಮೀನಾಕ್ಷಿ. ನಮ್ಮ ಕಡೆಯವರು ನನಗಿಟ್ಟ ಹೆಸರು ‘ಲಾಸ್ಟ್ ಬಸ್ಸು’. ಮದುವೆಯಾಗಿ ಅರಸೀಕೆರೆ ಸೇರಿದ ಮೇಲೆ ಹನ್ನೆರಡು ವರ್ಷ ತವರಿನಲ್ಲಿ ಒಂದು ರಾತ್ರಿಯೂ ಉಳಿದವಳಲ್ಲ ನಾನು. ಹಬ್ಬವಿರಲಿ, ಸಾವಿರಲಿ, ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಸಂಜೆ ಕೊನೆಯ ಬಸ್ಸಿಗೆ ಹೊರಡುವವಳು. ಅಪ್ಪ ಹೊನ್ನಯ್ಯ ತೀರಿಕೊಂಡ ದಿನವೂ ಮಣ್ಣು ಮಾಡಿ ಬಂದು, ತಲೆಗೆ ನೀರು ಹಾಕಿಕೊಂಡು, ಬಸ್ಸು ಹತ್ತಿದ್ದೆ. ಜನ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ನಾನು ಅರಸೀಕೆರೆ ಬಸ್ ನಿಲ್ದಾಣದಲ್ಲಿ ವಿದ್ಯಾರ್ಥಿಗಳಿಗೆ ಪಾಸ್ ಕೊಡುವ ಕೌಂಟರಿನಲ್ಲಿ ಕೂರುವವಳು. ಯಾವ ಊರಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಎನ್ನುವುದು ನನಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ. ಬೆಳಿಗ್ಗೆ ಬೇಗ ಡ್ಯೂಟಿ ಇದೆ ಎಂದರೆ ಯಾರೂ ಹೆಚ್ಚಿಗೆ ಕೇಳುತ್ತಿರಲಿಲ್ಲ.

ಡ್ಯೂಟಿ ನೆಪ. ಕಾರಣ ಬೇರೆ ಇತ್ತು, ಮತ್ತು ಅದಕ್ಕೊಂದು ಹೆಸರಿತ್ತು: ಕರಿಯಯ್ಯ, ಅಮ್ಮನ ಸ್ವಂತ ತಮ್ಮ, ನನ್ನ ಸೋದರಮಾವ. ಅವನು ಇರುವ ಸೂರಿನಡಿ ನಾನು ಮಲಗುವುದಿಲ್ಲ, ನನ್ನ ಮಗಳನ್ನೂ ಮಲಗಿಸುವುದಿಲ್ಲ ಎಂದು ನಿರ್ಧರಿಸಿದ್ದೆ. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ರೈಲ್ವೆಯಲ್ಲಿ ಕೆಲಸ ಮಾಡುವ ನನ್ನ ಗಂಡನಿಗೂ ಹೇಳಿರಲಿಲ್ಲ.

ಎರಡು ಸಾವಿರದ ಎರಡನೇ ಇಸವಿ, ಮೇ ತಿಂಗಳು. ತಮ್ಮ ಧರ್ಮೇಶ ಹಳೇಬೀಡಿನಲ್ಲಿ ಬಸ್ತಿಹಳ್ಳಿ ರಸ್ತೆಯ ಕಡೆ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ. ಹದಿನೈದು ದಿನ ಮೊದಲೇ ಫೋನಿನಲ್ಲಿ ಹೇಳಿದ: “ಅಕ್ಕ, ಈ ಸಲ ಲಾಸ್ಟ್ ಬಸ್ಸು ಗಿಸ್ಸು ಅಂತ ಓಡ್ಬೇಡ. ಹೊಸ ಮನೇಲಿ ಮೊದಲ್ನೇ ರಾತ್ರಿ ಮನೆಯವರೆಲ್ಲ ಮಲಗ್ಬೇಕಂತೆ. ಅಮ್ಮ ಹಟ ಹಿಡ್ದವ್ಳೆ.” ಹೂಂ ಎಂದು ಫೋನಿಟ್ಟೆ. ಅವತ್ತಿನಿಂದಲೇ ನನ್ನ ನಿದ್ದೆ ಕೆಟ್ಟಿತು.

ಗೃಹಪ್ರವೇಶದ ದಿನ ಬೆಳಿಗ್ಗೆ, ಒಂಬತ್ತು ವರ್ಷದ ಮಗಳು ವಿಶಾಖಳನ್ನು ಕರೆದುಕೊಂಡು ಹೋದೆ. ಗಂಡನಿಗೆ ರಜೆ ಸಿಗಲಿಲ್ಲ. ಹಾಸನದಿಂದ ಬಂದಿದ್ದ ಉಪಾಸಕರು ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ತ್ರಿಶರಣ, ಪಂಚಶೀಲ ಹೇಳಿಸಿದರು. ಅಮ್ಮ ಅದನ್ನೆಲ್ಲ ಶ್ರದ್ಧೆಯಿಂದ ಹೇಳಿ ಮುಗಿಸಿ, ಆಮೇಲೆ ತನ್ನ ಪಾಡಿಗೆ ತಾನು ಹಾಲೂ ಉಕ್ಕಿಸಿದಳು, ಹಸುವನ್ನೂ ಒಳಗೆ ಕರೆತಂದಳು. ಅದು ಹೊಸ ಗಾರೆಯ ಮೇಲೆ ಸಗಣಿ ಹಾಕಿದ್ದಕ್ಕೆ ಬಹಳ ಒಳ್ಳೇದಾಯಿತು ಎಂದಳು. ಎರಡೂ ಇರಲಿ ಎನ್ನುವುದು ಅವಳ ಧರ್ಮ. ಶೀಲಗಳನ್ನು ಹೇಳುವಾಗ ನಾನು ಮಾವನ ಕಡೆ ನೋಡುತ್ತಿದ್ದೆ. ವ್ಯಭಿಚಾರ ಮಾಡುವುದಿಲ್ಲ ಎನ್ನುವ ಮೂರನೆಯ ಶೀಲ ಬಂದಾಗ ಅವನ ದನಿ ಎಲ್ಲರಿಗಿಂತ ಜೋರಾಗಿತ್ತು. ಬಿಳಿ ಪೈಜಾಮ, ಬಿಳಿ ಜುಬ್ಬ, ನರೆತ ಮೀಸೆ, ಜೋಡಿಸಿದ ಕೈ.

ಆ ಮನೆಯಲ್ಲಿ ಎಲ್ಲರ ಬಾಯಲ್ಲೂ ಅವನದೇ ಹೆಸರು. ಧರ್ಮೇಶನಿಗೆ ಕೆಲಸಕ್ಕೆ ಅರ್ಜಿ ಹಾಕಿಸಿದವನು ಅವನು. ರಿಟೈರಾದ ಮೇಲೆ ಒಂದು ವರ್ಷ ಇಲ್ಲೇ ನಿಂತು ಮನೆ ಕಟ್ಟಿಸಿದವನು, ಗೋಡೆಗೆ ದಿನಾ ನೀರು ಹೊಡೆಸಿದವನು, ಧರ್ಮೇಶನ ಮಗಳು ಮಿತ್ರಾಗೆ ಮಗ್ಗಿ ಕಲಿಸಿದವನು ಎಲ್ಲ ಅವನೇ. ಮಿತ್ರಾಗೆ ಏಳು ವರ್ಷ, ಅವನನ್ನು ತಾತ ಎನ್ನುತ್ತಿದ್ದಳು. ಊಟದ ಹೊತ್ತಿಗೆ ಧರ್ಮೇಶ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಅತ್ತೆ ತೀರ್ಕೊಂಡ ಮೇಲೆ ಮಾವ ಹಾಸನದಲ್ಲಿ ಒಬ್ರೇ ಆಗವ್ರೆ. ಆ ಮುಂದಿನ ರೂಮು ಅವರಿಗೇ ಅಂತ ಕಟ್ಸಿರೋದು. ಇನ್ಮೇಲೆ ಇಲ್ಲೇ ಇರ್ತಾರೆ. ಮಿತ್ರಾಳ ಓದೂ ಅವರ ಜವಾಬ್ದಾರಿ.” ಎಲ್ಲರೂ ಒಳ್ಳೇ ಕೆಲಸ ಎಂದರು. ನನ್ನ ಬಾಯಲ್ಲಿದ್ದ ಹೋಳಿಗೆ ಒಳಗೆ ಇಳಿಯಲಿಲ್ಲ.

ಹಿತ್ತಲಿಗೆ ಹೋಗಿ ಉಗಿದೆ. ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ತಮ್ಮನ ಹೆಂಡತಿ ಮಂಜುಳಾ ಬಂದು, “ಅಯ್ಯೋ ಬಿಡಿ ಅಕ್ಕ, ಹಬ್ಬದ ಸೀರೆ ಉಟ್ಕೊಂಡು ಇದೇನಿದು” ಎಂದು ಕೈಯಿಂದ ಸೌಟು ಕಿತ್ತುಕೊಂಡಳು. ತಾರಸಿಗೆ ಹತ್ತಿದೆ, ಇಳಿದೆ. ಕೆರೆಯ ಕಡೆಯಿಂದ ಗಾಳಿಯೇ ಇರಲಿಲ್ಲ. ಗಡಿಯಾರ ನೋಡಿದೆ. ಮೂರೂಕಾಲು. ಜಾವಗಲ್ ಮೇಲೆ ಅರಸೀಕೆರೆಗೆ ಕೊನೆಯ ಬಸ್ಸು ಏಳು ಹತ್ತಕ್ಕೆ.

ನನಗಾಗ ಒಂಬತ್ತು ವರ್ಷ. ನಾವು ಮಾದಿಹಳ್ಳಿಯಲ್ಲಿದ್ದೆವು. ಮಾವ ಹಾಸನದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ, ಶನಿವಾರ ಸಂಜೆ ಪೆಪ್ಪರ್‌ಮಿಂಟ್ ಪೊಟ್ಟಣ ಹಿಡಿದು ಬರುತ್ತಿದ್ದ. ತಾಯಿ ತಂದೆ ಇಲ್ಲದ ತಮ್ಮ ಎಂದು ಅಮ್ಮನಿಗೆ ಅವನು ಮಗನಿಗಿಂತ ಹೆಚ್ಚು. ಚಾಪೆ ಹಂಚುವಾಗ, “ಮೀನಿ ಮಾವನ ತಾವ ಮಲಗ್ಲಿ, ಕತೆ ಹೇಳ್ತಾನೆ” ಎನ್ನುತ್ತಿದ್ದಳು. ಅವನು ಮಾಡಿದ್ದನ್ನು ನಾನಿಲ್ಲಿ ಬಿಡಿಸಿ ಹೇಳುವುದಿಲ್ಲ. ಮಗುವಿನ ಮೈಯನ್ನು ಯಾರೂ ಮುಟ್ಟಬಾರದ ಹಾಗೆ ಮುಟ್ಟಿದ. ಯಾರಿಗೂ ಹೇಳಬಾರದು, ಹೇಳಿದರೆ ನಿಮ್ಮಮ್ಮ ಸತ್ತುಹೋಗುತ್ತಾಳೆ ಎಂದ. ಅಷ್ಟು ಸಾಕು. ನಾನು ನಂಬಿದೆ. ಒಂಬತ್ತು ವರ್ಷದವಳು ಅಮ್ಮನ ಪ್ರಾಣದ ವಿಷಯದಲ್ಲಿ ಪರೀಕ್ಷೆ ಮಾಡಿ ನೋಡುತ್ತಾಳೆಯೇ?

ಒಂದು ಶನಿವಾರ ತಲೆದೆಸೆಯಲ್ಲಿಟ್ಟಿದ್ದ ಕುಡಿಯುವ ನೀರಿನ ಚೊಂಬಿಗೆ ನನ್ನ ಕೈ ತಗುಲಿ ಚಾಪೆಯೆಲ್ಲ ನೆನೆಯಿತು. ಮಾವ ಛೀ ಎಂದು ಎದ್ದ. ಅಮ್ಮ ಬಂದಳು, ತಡವಿ ನೋಡಿದಳು, ಹುಡುಗಿ ಉಚ್ಚೆ ಹೊಯ್ದುಕೊಂಡಿದ್ದಾಳೆ ಎಂದುಕೊಂಡಳು. ಬೈಯುತ್ತಲೇ ನನ್ನನ್ನು ಎಬ್ಬಿಸಿ, ಬಟ್ಟೆ ಬದಲಾಯಿಸಿ, ಅಡುಗೆಮನೆಯಲ್ಲಿ ತನ್ನ ಪಕ್ಕ ಗೋಣಿಚೀಲ ಹಾಸಿ ಮಲಗಿಸಿಕೊಂಡಳು. ಎಷ್ಟು ಚೆನ್ನಾಗಿ ನಿದ್ದೆ ಬಂತು ಅವತ್ತು. ಮುಂದಿನ ಶನಿವಾರ ಚೊಂಬನ್ನು ನಾನೇ ಬಗ್ಗಿಸಿದೆ. ಅದರ ಮುಂದಿನ ಶನಿವಾರವೂ ಅಷ್ಟೆ. ಆಮೇಲೆ ಅಮ್ಮ ನನಗೆ ಮಾವನ ಪಕ್ಕ ಚಾಪೆ ಹಾಕುವುದನ್ನೇ ಬಿಟ್ಟಳು. ಒಣಗಿದ್ದರೆ ಮತ್ತೆ ಅಲ್ಲಿಗೇ ಕಳಿಸಿಯಾಳೆಂದು, ಅವನು ಬಂದ ಶನಿವಾರವೆಲ್ಲ ನಾನು ಚೊಂಬು ಬಗ್ಗಿಸುತ್ತಲೇ ಇದ್ದೆ.

ಅದಕ್ಕೆ ನಾನು ಕೊಟ್ಟಿದ್ದೂ ಕಮ್ಮಿಯಲ್ಲ. ಒದ್ದೆ ಚಾಪೆ ಬೇಲಿಯ ಮೇಲೆ ಒಣಗುತ್ತಿತ್ತು, ಬೀದಿಯವರೆಲ್ಲ ನೋಡುತ್ತಿದ್ದರು. ಸ್ಕೂಲಿನಲ್ಲಿ ನನ್ನ ಪಕ್ಕ ಕೂರಲು ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೆ ಕರಿ ಎಳ್ಳು ಒಳ್ಳೆಯದು ಎಂದು ಯಾರೋ ಹೇಳಿದ್ದಕ್ಕೆ ಅಮ್ಮ ಎರಡು ವರ್ಷ, ಮಾವನಿಗೆ ಮದುವೆಯಾಗಿ ಅವನು ಬರುವುದು ನಿಲ್ಲುವ ತನಕ, ದಿನಾ ಸಂಜೆ ಎಳ್ಳುಂಡೆ ಕಟ್ಟಿ ಎದುರಿಗೆ ಕೂತು ತಿನ್ನಿಸಿದಳು. ಈಗಲೂ ಸಂಕ್ರಾಂತಿಯ ಎಳ್ಳು ನನ್ನ ಬಾಯಿಗೆ ಹೋಗುವುದಿಲ್ಲ. ಆದರೂ ಉಚ್ಚೆ ಮೀನಿ ಎಂದು ಕರೆಸಿಕೊಂಡೇ ಬದುಕಿದೆ. ನಿಜ ಹೇಳಿದರೆ ಅಮ್ಮ ಸಾಯುತ್ತಾಳೆ, ಸುಳ್ಳು ಹೇಳಿದರೆ ಮರ್ಯಾದೆ ಮಾತ್ರ ಹೋಗುತ್ತದೆ ಎಂದು ಅಷ್ಟು ಸಣ್ಣ ವಯಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ.

ದೊಡ್ಡವಳಾದ ಮೇಲೆ ಅಮ್ಮ ಸಾಯುವುದಿಲ್ಲ ಎಂದು ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ವಿಶಾಖ ಹುಟ್ಟಿದ ಮೇಲೆ ಕೊನೆಯ ಬಸ್ಸಿನ ವ್ರತ ಇನ್ನೂ ಬಿಗಿಯಾಯಿತು. ನನ್ನ ಮಗಳನ್ನು ನಾನು ಕಾಪಾಡಿಕೊಂಡೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಮಿತ್ರಾ ಹುಟ್ಟಿ ಏಳು ವರ್ಷವಾದರೂ ಅವಳ ಯೋಚನೆ ನನಗೆ ಬಂದಿರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ಬಂದಿರಲಿಲ್ಲ ಎನ್ನುವುದೂ ಸುಳ್ಳು. ಬಂದಾಗಲೆಲ್ಲ ಬಸ್ಸು ಹತ್ತಿದ್ದೆ.

ಸಂಜೆ ಆರಕ್ಕೆ ಊಟದ ಜನ ಕರಗಿದರು. ಉಳಿದವರು ಮನೆಯವರು, ಜೊತೆಗೆ ಅಪ್ಪನ ಅಕ್ಕ ಮುತ್ತಮ್ಮತ್ತೆ. ಕಾಫಿ ಆಯಿತು. ಅಮ್ಮ ಎದ್ದು ಸೆರಗು ಸಿಕ್ಕಿಸಿದಳು.

“ಮುತ್ತಮ್ಮಕ್ಕ ದೇವ್ರ ಮನೆ ಮುಂದೆ. ಧರ್ಮೇಶ ಮಂಜುಳಾ ಒಳಗ್ಲ ರೂಮು. ನಾನು ಮೀನಿ ಹಜಾರದಾಗೆ. ಮಕ್ಳಿಬ್ರೂ ಮಾವನ ರೂಮಲ್ಲಿ ಮಲಗ್ಲಿ, ಅಲ್ಲಿ ಫ್ಯಾನು ಐತೆ.”

“ವಿಶೂ ನನ್ನ ಪಕ್ಕ ಮಲಗ್ತಾಳೆ,” ಎಂದೆ.

“ಯಾಕೆ, ನಿನ್ನಂಗೆ ಅವ್ಳೂ ಚಾಪೆ ಒದ್ದೆ ಮಾಡ್ತಾಳಾ?” ಮುತ್ತಮ್ಮತ್ತೆ ಕೇಳಿದರು, ಬೊಚ್ಚು ಬಾಯಿ ತುಂಬ ನಗುತ್ತ. ಆಮೇಲೆ ಮಕ್ಕಳ ಕಡೆ ತಿರುಗಿ, “ನಿಮ್ಗೆ ಗೊತ್ತಿಲ್ವೇನ್ರೇ? ಇವ್ಳು ಹನ್ನೊಂದು ವರ್ಷದ ಗಂಟ ಉಚ್ಚೆ ಹೊಯ್ಕಳ್ಳೋಳು. ಎಲ್ರೂ ರೂಮಲ್ಲಿ ಮಲಗಿದ್ರೆ ಇವ್ಳಿಗೆ ಅಡುಗೆಮನೇಲಿ ಗೋಣಿಚೀಲ!” ಎಂದರು. ಧರ್ಮೇಶ ನಕ್ಕ. ಮಂಜುಳಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ವಿಶಾಖ ನನ್ನ ಮುಖ ನೋಡಿದಳು. ಕುರ್ಚಿಯಲ್ಲಿ ಕೂತಿದ್ದ ಮಾವನೂ ನಕ್ಕ. “ಪಾಪ, ಸಣ್ಣ ಮಗು ಬಿಡಿ,” ಎಂದ. ನಗದೇ ಇದ್ದವಳು ಮಿತ್ರಾ ಒಬ್ಬಳೇ. ಅವಳು ಬಾಯಿ ಸ್ವಲ್ಪ ತೆರೆದು, ಲೆಕ್ಕದ ಪಾಠ ಕೇಳುವ ಹಾಗೆ ಮುತ್ತಮ್ಮತ್ತೆಯ ಮಾತು ಕೇಳುತ್ತಿದ್ದಳು.

ನನಗೆ ಸಾಕಾಯಿತು. “ನಾವು ಹೊರಡ್ತೀವಿ,” ಎಂದೆ. ಅಮ್ಮ ಬೈದಳು. ಹೆಣ್ಣುಮಗಳು ಹೊಸ ಮನೆಯಲ್ಲಿ ರಾತ್ರಿ ಮಲಗದೆ ಹೋದರೆ ಮನೆಗೆ ಏಳಿಗೆಯಿಲ್ಲ ಎಂದಳು. ಧರ್ಮೇಶ ಮುಖ ಸಣ್ಣದು ಮಾಡಿಕೊಂಡ. ನಾನು ಬ್ಯಾಗು ಹೆಗಲಿಗೇರಿಸಿ, ಮಗಳ ರಟ್ಟೆ ಹಿಡಿದು, ಬಿರಬಿರನೆ ನಡೆದೆ. ವಿಶಾಖ ದಾರಿಯುದ್ದಕ್ಕೂ, “ಅಮ್ಮ, ನಾನು ಮಿತ್ರಾ ಜೊತೆ ಮಲಗ್ಬೇಕಿತ್ತು,” ಎಂದು ಗೊಣಗಿದಳು. “ಬಾಯ್ಮುಚ್ಕೊಂಡು ನಡಿ,” ಎಂದು ಗದರಿದೆ. ಅವಳದೇನು ತಪ್ಪು? ಆದರೆ ನನಗೆ ಅವತ್ತು ಕಂಡವರನ್ನೆಲ್ಲ ಗದರಬೇಕು ಅನ್ನಿಸುತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಆಗಲೇ ನಿಂತಿತ್ತು. ದೇವಸ್ಥಾನ ನೋಡಲು ಬಂದವರ ಟೂರಿಸ್ಟ್ ಬಸ್ಸೊಂದು ಅದರ ಪಕ್ಕದಲ್ಲಿ ಹೊಗೆ ಬಿಡುತ್ತಿತ್ತು. ಕಂಡಕ್ಟರ್ ಪರಿಚಯದವರು. “ಏನ್ ಮೇಡಂ, ಟೈಮ್ ಅಂದ್ರೆ ಟೈಮು ನೀವು! ಹತ್ತಿ ಹತ್ತಿ, ಇನ್ನೈದು ನಿಮಿಷ,” ಎಂದರು. ಒಂದು ಕಾಲು ಮೆಟ್ಟಿಲಿನ ಮೇಲಿಟ್ಟಿದ್ದೆ. ಹಿಂದಿನಿಂದ, “ಅತ್ತೆ!” ಎಂದು ಕೂಗು ಬಂತು. ಮಿತ್ರಾ ಓಡಿ ಬರುತ್ತಿದ್ದಳು, ಎರಡೂ ಕೈಯಲ್ಲಿ ಸ್ಟೀಲ್ ಡಬ್ಬ.

“ಹೋಳಿಗೆ ಮರ್ತುಬಿಟ್ರಿ. ಅಮ್ಮ ಕೊಟ್ಟು ಬಾ ಅಂದ್ಳು.”

ಡಬ್ಬ ಇಸಿದುಕೊಂಡು ಅವಳ ತಲೆ ಸವರಿದೆ. ಅವಳು ಹೋಗಲಿಲ್ಲ. ಚಪ್ಪಲಿಯ ತುದಿಯಿಂದ ಮಣ್ಣು ಕೆದರುತ್ತ ನಿಂತಳು.

“ಅತ್ತೆ, ಚಾಪೆ ಒದ್ದೆ ಮಾಡ್ಕೊಂಡ್ರೆ ನಿಜವಾಗ್ಲೂ ಬೇರೆ ಕಡೆ ಮಲಗಿಸ್ತಾರಾ?”

ನನ್ನ ಕಾಲು ಮೆಟ್ಟಿಲಿನಿಂದ ತಾನಾಗಿಯೇ ಇಳಿಯಿತು. ಡಬ್ಬವನ್ನು ವಿಶಾಖಳ ಕೈಗೆ ಕೊಟ್ಟು, ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟೆ. ಮಿತ್ರಾಳ ಎರಡು ಕೈ ಹಿಡಿದುಕೊಂಡೆ. ದನಿ ನಡುಗಬಾರದು, ಮಗು ಹೆದರಬಾರದು ಎಂದು ಹಲ್ಲು ಕಚ್ಚಿ ಕೇಳಿದೆ: “ಯಾಕೆ ಚಿನ್ನ? ನಿಂಗೆ ಯಾರ ಪಕ್ಕ ಮಲಗೋಕೆ ಇಷ್ಟ ಇಲ್ಲ?”

ಅವಳು ನೆಲ ನೋಡಿದಳು. “ಹೇಳ್ಬಾರ್ದು.”

“ಹೇಳಿದ್ರೆ ಏನಾಗ್ತದಂತೆ?”

“ಅಜ್ಜಿ ಸತ್ತೋಗ್ತಾರಂತೆ. ತಾತ ಹೇಳಿದಾರೆ.”

ಇಪ್ಪತ್ತಾರು ವರ್ಷ ಕಳೆದಿದ್ದರೂ ಆ ಮನುಷ್ಯ ಮಾತನ್ನೂ ಬದಲಾಯಿಸಿರಲಿಲ್ಲ. ನನಗೆ ಬಂದ ಸಿಟ್ಟು ಇಂಥದ್ದು ಎಂದು ಹೇಳಲಾರೆ. ಅವನ ಮೇಲೆ ಬಂದಷ್ಟೇ ನನ್ನ ಮೇಲೂ ಬಂತು. ಈ ಏಳು ವರ್ಷ ನಾನು ಹತ್ತಿದ ಒಂದೊಂದು ಬಸ್ಸೂ ಈ ಮಗುವನ್ನು ಅಲ್ಲೇ ಬಿಟ್ಟು ಹೋಗಿತ್ತು.

“ಅಜ್ಜಿ ಸಾಯಲ್ಲ ಮಿತ್ರಾ,” ಎಂದೆ. “ನಂಗೂ ಸಣ್ಣೋಳಿದ್ದಾಗ ಅವ್ರು ಹಂಗೇ ಹೇಳಿದ್ರು. ಸುಳ್ಳು ಅದು. ನೀನೇನೂ ತಪ್ಪು ಮಾಡಿಲ್ಲ. ನೀನು ಚಾಪೆ ಒದ್ದೆ ಮಾಡೋದೂ ಬೇಡ. ನಾನು ಹೇಳ್ತೀನಿ ಎಲ್ರಿಗೂ. ನಿಂಗೆ ಇಷ್ಟ ಇದ್ರೆ ನೀನು ನಿಮ್ಮಮ್ಮನಿಗೆ ಹೇಳು, ನಾನು ಪಕ್ಕದಲ್ಲೇ ಇರ್ತೀನಿ.”

ಕಂಡಕ್ಟರ್ ಸೀಟಿ ಊದಿದರು. “ಮೇಡಂ, ಹೊರಟ್ವಿ!”

“ಹೊರಡಿ,” ಎಂದೆ.

ಬಸ್ಸು ಕೆರೆಯ ಕಡೆ ತಿರುಗಿ ಕಾಣದಾಯಿತು. ವಿಶಾಖ, “ಅಮ್ಮ, ಲಾಸ್ಟ್ ಬಸ್ಸು!” ಎಂದಳು, ದಿಗಿಲಿನಿಂದ. ನಾನು ಇಬ್ಬರನ್ನೂ ಒಂದೊಂದು ಕೈಯಲ್ಲಿ ಹಿಡಿದು ವಾಪಸ್ಸು ನಡೆದೆ. ದಾರಿಯಲ್ಲಿ ಎರಡು ಸಲ ನಾಳೆ ಹೇಳಿದರಾಯಿತು ಅನ್ನಿಸಿತು. ಮಿತ್ರಾಳ ಕೈ ಬಿಗಿ ಇದ್ದದ್ದರಿಂದ ನಡೆದೆ.

ಹಜಾರದಲ್ಲಿ ಚಾಪೆಗಳು ಹಾಸಿದ್ದವು. ಮುಂದಿನ ರೂಮಿನ ಬಾಗಿಲು ತೆರೆದಿತ್ತು. ಮಂಚದ ಪಕ್ಕ ನೆಲದ ಮೇಲೆ ಮಕ್ಕಳಿಗೆಂದು ಹಾಸಿದ ಹೂವಿನ ಚಾಪೆ ಹೊರಗಿನಿಂದಲೇ ಕಾಣುತ್ತಿತ್ತು. ನನ್ನನ್ನು ನೋಡಿ ಅಮ್ಮನ ಮುಖ ಅರಳಿತು. “ಬಂದ್ಯಾ! ಬಸ್ಸು ತಪ್ತಾ? ನನ್ ಹರಕೆ ಅದು,” ಎಂದಳು. ನಾನು ಮಂಜುಳಾಳನ್ನು ಕರೆದು ಮೆಲ್ಲಗೆ ಹೇಳಿದೆ: “ಮಕ್ಕಳನ್ನ ಅಡುಗೆಮನೆಗೆ ಕರ್ಕೊಂಡು ಹೋಗು. ಮಿತ್ರಾ ಏನಾದ್ರೂ ಹೇಳಿದ್ರೆ ಕೇಳ್ಕೊ. ಬೈಬೇಡ, ಸುಳ್ಳು ಅನ್ಬೇಡ, ಯಾಕೆ ಮೊದ್ಲೇ ಹೇಳ್ಲಿಲ್ಲ ಅಂತ ಮಾತ್ರ ಕೇಳ್ಬೇಡ.” ಅವಳು ನನ್ನ ಮುಖ ನೋಡಿ ಏನನ್ನೂ ಕೇಳದೆ ಮಕ್ಕಳನ್ನು ಒಳಗೆ ಕರೆದೊಯ್ದಳು.

ಆಮೇಲೆ ಅಮ್ಮನ ಚಾಪೆಯ ತಲೆದೆಸೆಯಲ್ಲಿದ್ದ ಹಿತ್ತಾಳೆ ಚೊಂಬನ್ನು ಎತ್ತಿಕೊಂಡೆ. ಮುಂದಿನ ರೂಮಿಗೆ ಹೋಗಿ ಮಕ್ಕಳ ಚಾಪೆಯನ್ನು ಎಳೆದು ತಂದು ಹಜಾರದ ನಡುವೆ ಹಾಕಿದೆ. ಅದರ ಮೇಲೆ ಚೊಂಬಿನ ನೀರನ್ನು ಪೂರ್ತಿ ಸುರಿದೆ.

“ಅಯ್ಯೋ ನಿನ್ನ! ಹುಚ್ಚು ಹಿಡೀತಾ?” ಮುತ್ತಮ್ಮತ್ತೆ ಕಾಲು ಎಳೆದುಕೊಂಡರು.

“ನಾನು ಒಂದು ದಿನವೂ ಉಚ್ಚೆ ಹೊಯ್ಕೊಂಡಿಲ್ಲ ಅತ್ತೆ,” ಎಂದೆ. “ಹೀಗೆ ಮಾಡ್ತಿದ್ದೆ. ಪ್ರತಿ ಶನಿವಾರ. ಚಾಪೆ ಒದ್ದೆಯಾದ್ರೆ ಅಮ್ಮ ತನ್ನ ಪಕ್ಕ ಮಲಗಿಸ್ಕೊಳ್ತಾಳೆ, ಮಾವ ನನ್ನ ಮೈ ಮುಟ್ಟೋಕಾಗಲ್ಲ ಅಂತ ಮಾಡ್ತಿದ್ದೆ. ಒಂಬತ್ತು ವರ್ಷದ ಹುಡುಗಿಗೆ ಈ ಮನುಷ್ಯ ಏನು ಮಾಡಬಾರ್ದೋ ಅದನ್ನ ಮಾಡಿದ್ದಾನೆ. ಈಗ ಮಿತ್ರಾಗೂ ಮಾಡ್ತಿದ್ದಾನೆ.”

ಮೊದಲು ಮಾತಾಡಿದವನು ಮಾವ. “ಏನಮ್ಮಾ ಇದು? ಮೂವತ್ತು ವರ್ಷದ ಹಿಂದಿನ ಕನಸು ಗಿನಸು ಹೇಳ್ಕೊಂಡು... ಧರ್ಮೇಶ, ನಿಮ್ಮಕ್ಕನಿಗೆ ಹುಷಾರಿಲ್ಲ. ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಒಂದು ಕಡೆ ನಿಲ್ತಿಲ್ಲ.”

“ಅಕ್ಕ, ಇವತ್ತು ಬೇಡ,” ಎಂದ ಧರ್ಮೇಶ. ಅವನ ದನಿ ಅಳುವ ಹಾಗಿತ್ತು. “ಏನಿದ್ರೂ ನಾಳೆ ಮಾತಾಡಾಣ. ಅಕ್ಕಪಕ್ಕದೋರು ಕೇಳಿಸ್ಕೊಳ್ತಾರೆ.”

“ಕೇಳಿಸ್ಕೊಳ್ಲಿ. ಇಷ್ಟು ವರ್ಷ ಯಾರೂ ಕೇಳಿಸ್ಕೊಳ್ಳದೇ ಇದ್ದಿದ್ದಕ್ಕೇ ಅಲ್ವಾ ನಿನ್ನ ಮಗಳ ಗತಿ ಹೀಗಾಗಿದ್ದು?”

“ಬಾಯ್ಮುಚ್ಚೇ!” ಅಮ್ಮ ಕೂಗಿದಳು. ಅವಳ ಕೈ ಮೇಲೆದ್ದಿತ್ತು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು, ಕಣ್ಣು ಚಾಪೆಯ ಮೇಲಿತ್ತು. ನೀರು ಚಾಪೆಯಂಚಿನಿಂದ ಹೊಸ ನೆಲದ ಮೇಲೆ ಹರಿದು ಅವಳ ಕಾಲಿನ ತನಕ ಬಂದಿತ್ತು. ಬಹಳ ಸಣ್ಣ ದನಿಯಲ್ಲಿ ಕೇಳಿದಳು: “ಎಳ್ಳುಂಡೆ ತಿನ್ನಿಸ್ವಾಗ ಎದ್ರಿಗೇ ಕೂತಿದ್ನಲ್ಲೇ ನಾನು. ಒಂದ್ ಮಾತು ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಸತ್ತೋಗ್ತೀಯಾ ಅಂದಿದ್ದ. ಅದಕ್ಕೇ ತಿಂದೆ.”

ಅಡುಗೆಮನೆಯ ಬಾಗಿಲಿಗೆ ಮಂಜುಳಾ ಬಂದು ನಿಂತಿದ್ದಳು. “ಮಿತ್ರಾಗೂ ಅದನ್ನೇ ಹೇಳಿದಾರೆ ಅತ್ತೆ,” ಎಂದಳು ಅಮ್ಮನಿಗೆ. “ಅಜ್ಜಿ ಸತ್ತೋಗ್ತಾರೆ ಅಂತ. ದಿನಾ ಬೆಳಿಗ್ಗೆ ಎದ್ದ ತಕ್ಷಣ ನಿಮ್ಮ ಮೂಗಿನ ಹತ್ರ ಕೈ ಇಟ್ಟು ನೋಡ್ತಾಳಂತೆ. ನೀವು ಅದನ್ನ ಆಟ ಅಂದ್ಕೊಂಡಿದ್ರಿ.”

ಧರ್ಮೇಶ ಗೋಡೆಗೆ ಒರಗಿ ಕುಸಿದು ಕೂತ. ಅಮ್ಮ ನಿಧಾನವಾಗಿ ತಮ್ಮನ ಕಡೆ ತಿರುಗಿದಳು. ಅವಳು ಎದೆಗವಚಿಕೊಂಡು ಸಾಕಿದ ತಮ್ಮ. ಅವನು ಕುರ್ಚಿಯಿಂದ ಎದ್ದಿದ್ದ. “ಅಕ್ಕ, ನೀನಾದ್ರೂ...” ಎಂದ.

“ನನ್ ಸಾವ ಹೇಳ್ಕೊಂಡು ನನ್ ಮಕ್ಳ ಬಾಯಿ ಕಟ್ಟಿದ್ಯೇನೋ ಕರಿಯ?”

ಅವನು ಇಲ್ಲ ಎನ್ನಲಿಲ್ಲ. ಏನೋ ಹೇಳಲು ಹೋಗಿ ಮೀಸೆ ಒರೆಸಿಕೊಂಡ. ಅಮ್ಮನಿಗೆ ಅಷ್ಟು ಸಾಕಾಯಿತು. ಮುಂದಿನ ರೂಮಿಗೆ ಹೋಗಿ ಅವನ ಮಂಚದ ಮೇಲಿನ ಹಾಸಿಗೆಯನ್ನು ಸುರುಳಿ ಸುತ್ತಿದಳು, ಕೈಚೀಲವನ್ನು ತಂದು ಹೊಸಿಲಿನಾಚೆ ಇಟ್ಟಳು. ತಿರುಗಿ ಬಂದು, ಚಾಪೆ ಹಂಚುವಾಗಿನ ಅದೇ ದನಿಯಲ್ಲಿ ಹೇಳಿದಳು: “ನಿಂಗೆ ಈ ಮನೇಲಿ ಚಾಪೆ ಇಲ್ಲ.”

“ಈ ಹೊತ್ತಲ್ಲಿ ಎಲ್ಲಿಗೆ ಹೋಗ್ಲಿ ಅಕ್ಕ? ಬಸ್ಸು ಕೂಡ ಇಲ್ಲ.”

“ಎಂಟೂಕಾಲಿಗೆ ಬೇಲೂರಿನ ಮೇಲೆ ಹಾಸನಕ್ಕೆ ಒಂದು ಐತೆ,” ಎಂದೆ ನಾನು. “ಇನ್ನೂ ಇಪ್ಪತ್ತು ನಿಮಿಷ ಟೈಮಿದೆ.”

ಅವನು ಹೋದ. ಧರ್ಮೇಶ ಅವನನ್ನು ತಡೆಯಲಿಲ್ಲ, ಚೀಲವನ್ನೂ ಎತ್ತಿಕೊಡಲಿಲ್ಲ. ಕೆಲಸ ಕೊಡಿಸಿದವನು, ಮನೆ ಕಟ್ಟಿಸಿದವನು ಎಂದು ಅವನೊಳಗೆ ಏನೇನು ನಡೆಯುತ್ತಿತ್ತೋ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ನೋಡದೆಯೇ, “ನಾಳೆ ಮಿತ್ರಾನ ಹಾಸನಕ್ಕೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು. ಆಮೇಲೆ ಪೊಲೀಸ್ ಸ್ಟೇಷನ್. ನೀನೂ ಬರ್ತೀಯಾ ಅಕ್ಕ?” ಎಂದ. ಬರುತ್ತೇನೆ ಎಂದೆ. ಮುತ್ತಮ್ಮತ್ತೆ ಹೊಸ ಮನೆಯಲ್ಲಿ ಇದೆಂಥ ಅಪಶಕುನ ಎಂದು ಗೊಣಗುತ್ತಿದ್ದವರು, ಅಮ್ಮ ಒಮ್ಮೆ ತಿರುಗಿ ನೋಡಿದ್ದಕ್ಕೆ ಸುಮ್ಮನಾದರು. ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಎದ್ದು ಓಡಾಡಬೇಕು ಅನ್ನುವ ಹಪಹಪಿ. ನೆಂಟರಿಗೆಲ್ಲ ಗೊತ್ತಾಗುತ್ತದೆ, ಗಂಡನಿಗೆ ನಾನೇ ಹೇಳಬೇಕು, ಸ್ಟೇಷನ್ನಿನಲ್ಲಿ ಏನೇನು ಕೇಳುತ್ತಾರೋ. ಆದರೆ ಗಡಿಯಾರ ನೋಡಬೇಕು ಅನ್ನಿಸಲಿಲ್ಲ.

ಅಮ್ಮ ನೆಲದ ಮೇಲೆ ಕೂತು ಚೆಲ್ಲಿದ ನೀರನ್ನು ಒರೆಸುತ್ತಿದ್ದಳು. ಮೂಲೆಯಲ್ಲಿ ಬಟ್ಟೆ ಇದ್ದರೂ ತನ್ನ ಸೆರಗಿನಿಂದಲೇ ಒರೆಸುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಒದ್ದೆ ಚಾಪೆಯನ್ನು ಅವಳೇ ಎತ್ತಿಕೊಂಡು ಹಿತ್ತಲಿನ ಹಗ್ಗದ ಮೇಲೆ ಹಾಕಿ ಬಂದಳು. ಉಳಿದ ಚಾಪೆಗಳನ್ನು ಮತ್ತೆ ತೆಗೆದು ಮೊದಲಿಂದ ಹಾಸಿದಳು. ಫ್ಯಾನಿನ ರೂಮಿನಲ್ಲಿ ತಾನು, ಹೆಣ್ಣುಮಕ್ಕಳು, ಮಕ್ಕಳು. ಧರ್ಮೇಶನಿಗೆ ಹಜಾರ.

ಮಂಜುಳಾ ಮಕ್ಕಳಿಗೆ ಊಟ ಮಾಡಿಸಿ ಕರೆತಂದಳು. ವಿಶಾಖ ಬಂದವಳೇ ಮೊದಲ ಚಾಪೆಯ ಮೇಲೆ ಬಿದ್ದುಕೊಂಡಳು. ಮಿತ್ರಾ ಮಾತ್ರ ಬಾಗಿಲಲ್ಲೇ ನಿಂತಳು. ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಅಜ್ಜಿಯನ್ನೇ ನೋಡುತ್ತಿದ್ದಳು. ಬದುಕಿದ್ದಾಳೆ ಎಂದು ಖಾತ್ರಿ ಮಾಡಿಕೊಂಡಳೋ ಏನೋ. ಆಮೇಲೆ ಕೇಳಿದಳು:

“ಅಜ್ಜಿ, ಒದ್ದೆ ಮಾಡ್ಕೊಳ್ದೇ ಇದ್ರೂ ನಿನ್ನ ಪಕ್ಕ ಮಲಗಬೋದಾ?”

ಅಮ್ಮ ಚಾಪೆಯ ನಡುವಿಗೆ ಸರಿದು ಅವಳಿಗೆ ಜಾಗ ಮಾಡಿದಳು. ಮಿತ್ರಾ ಹೋಗಿ ಮಗ್ಗುಲಿಗೆ ಸೇರಿಕೊಂಡಳು. ಅಮ್ಮ ಒಂದು ಕೈಯಿಂದ ಮೊಮ್ಮಗಳನ್ನು ಹಿಡಿದುಕೊಂಡು, ಇನ್ನೊಂದು ಕೈಯಿಂದ ತನ್ನ ಮತ್ತೊಂದು ಪಕ್ಕದ ಚಾಪೆಯನ್ನು ತಟ್ಟಿ ನನ್ನ ಕಡೆ ನೋಡಿದಳು.

“ನೀನೂ ಬಾರೇ,” ಎಂದಳು.